ಟನ್ ಲೆಕ್ಕ ಯಾರು ಹಾಕಬೇಕು?

ಎಸಿ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ: ‘ರೂಮ್ ಸೈಜ್ ಎಷ್ಟು ಸರ್?’ ಹನ್ನೆರಡಕ್ಕೆ ಹನ್ನೆರಡು ಅಂದರೆ ಸಾಕು, ‘ಒಂದೂವರೆ ಟನ್ ಹಾಕಿಸ್ಕೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. 120 ಚದರಡಿವರೆಗೆ ಒಂದು ಟನ್, 180ರವರೆಗೆ ಒಂದೂವರೆ, ಅದಕ್ಕೂ ಮೇಲಾದರೆ ಎರಡು. ಈ ಬಾಯಿಲೆಕ್ಕ ಕಲಬುರಗಿಯಲ್ಲೂ ಅದೇ, ಮಂಗಳೂರಿನಲ್ಲೂ ಅದೇ. ಕೋಣೆ ಎಷ್ಟನೇ ಮಹಡಿಯಲ್ಲಿದೆ, ಕಿಟಕಿ ಯಾವ ದಿಕ್ಕಿಗಿದೆ, ತಾರಸಿಯ ಮೇಲೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ದುಡ್ಡು ಕಟ್ಟಿ, ಡಬ್ಬ ಮನೆಗೆ ಬಂದು, ಅದಾದ ಮೇಲೆ ಡ್ರಿಲ್ಲಿಂಗ್ ಮಷಿನ್ ಹಿಡಿದು ಬರುತ್ತಾರಲ್ಲ, ಆ ಹುಡುಗರೇ ಆ ಕೋಣೆಯನ್ನು ಕಣ್ಣಾರೆ ನೋಡುವ ಮೊದಲ ಕಸುಬುದಾರರು. ಅಷ್ಟರಲ್ಲಿ ಟನ್ನಿನ ತೀರ್ಮಾನ ಮುಗಿದುಹೋಗಿರುತ್ತದೆ. ಅವರ ಪಾಲಿಗೆ ಉಳಿದಿರುವುದು ಗೋಡೆಗೆ ತೂತು ಕೊರೆಯುವ ಕೆಲಸ ಮಾತ್ರ.

ಮನೆಗೆ ಎಸಿ ಹಾಕಿಸುವ ನಮ್ಮ ಪದ್ಧತಿಯಲ್ಲಿ ತಪ್ಪಾಗಿರುವುದು ಈ ಕ್ರಮವೇ. ಎಸಿ ತಣಿಸಬೇಕಾದ್ದು ನೆಲದ ಅಳತೆಯನ್ನಲ್ಲ, ಕೋಣೆಯೊಳಗೆ ನುಗ್ಗುವ ಶಾಖವನ್ನು. ಆ ಶಾಖವನ್ನು ಲೆಕ್ಕ ಹಾಕಬಲ್ಲವರು ಯಂತ್ರ ಕೊಳ್ಳುವುದಕ್ಕೆ ಮೊದಲೇ ಮನೆಗೆ ಬರಬೇಕು. ಅವರನ್ನು ಗುರುತಿಸಬೇಕಾದರೆ ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ನಮಗೂ ಅಷ್ಟಿಷ್ಟು ತಿಳಿದಿರಬೇಕು.

ಮಂಜುಗಡ್ಡೆಯ ಅಳತೆ

ಒಂದೂವರೆ ಟನ್ ಎಸಿಯನ್ನು ಇಬ್ಬರು ಹೊತ್ತು ಮಹಡಿ ಹತ್ತಿಸುತ್ತಾರೆ. ಅದರ ತೂಕಕ್ಕೂ ಟನ್ನಿಗೂ ಸಂಬಂಧವಿಲ್ಲ. ಯಂತ್ರಗಳು ಬರುವ ಮೊದಲು ತಂಪಿನ ವ್ಯಾಪಾರವೆಂದರೆ ಮಂಜುಗಡ್ಡೆಯ ವ್ಯಾಪಾರ. ಅಮೆರಿಕದ ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದ ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ಸಿ, 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಕಳಿಸಿದ್ದ. ಚೆನ್ನೈನ ಮರೀನಾ ಎದುರಿನ ವಿವೇಕಾನಂದ ಹೌಸ್ ಕೂಡ ಮೂಲತಃ 1842ರಲ್ಲಿ ಇಂಥ ಐಸ್ ಇಡಲು ಕಟ್ಟಿದ ಗೋದಾಮು. ತಂಪು ಮಾಡುವ ಯಂತ್ರಗಳು ಬಂದಾಗ ಅವುಗಳ ಶಕ್ತಿಯನ್ನೂ ಐಸಿನ ಲೆಕ್ಕದಲ್ಲೇ ಹೇಳತೊಡಗಿದರು. 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಸುತ್ತಲಿಂದ ಎಷ್ಟು ಶಾಖ ಹೀರಿಕೊಳ್ಳುತ್ತದೋ ಅಷ್ಟನ್ನು ಅದೇ ಹೊತ್ತಿನಲ್ಲಿ ಹೊರಹಾಕುವ ಯಂತ್ರ ಒಂದು ಟನ್ನಿನದು. ಈಗಿನ ಲೆಕ್ಕದಲ್ಲಿ ಅದು ಸುಮಾರು 3,500 ವ್ಯಾಟ್. ಇದು ಎಸಿ ಎಳೆಯುವ ಕರೆಂಟಿನ ಲೆಕ್ಕವಲ್ಲ, ಕೋಣೆಯಿಂದ ಹೊರಗೆ ಸಾಗಿಸುವ ಶಾಖದ ಲೆಕ್ಕ. ಕರೆಂಟು ಅದರ ಮೂರನೇ ಒಂದು ಭಾಗ ಅಥವಾ ಇನ್ನೂ ಕಡಿಮೆ ಸಾಕು. ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಶಾಖವನ್ನು ಒಳಗಿನಿಂದ ಹೊರಗೆ ಸಾಗಿಸುತ್ತದೆ ಅಷ್ಟೆ.

ಹಾಗಾಗಿ ‘ಎಷ್ಟು ಟನ್?’ ಎಂಬ ಪ್ರಶ್ನೆಯ ನಿಜವಾದ ರೂಪ ಹೀಗೆ: ವರ್ಷದ ಕಡುಬೇಸಿಗೆಯ ಸಂಜೆ ಈ ಕೋಣೆಯೊಳಗೆ ಪ್ರತಿ ಕ್ಷಣ ಎಷ್ಟು ವ್ಯಾಟ್ ಶಾಖ ಬರುತ್ತಿದೆ?

ಕಲಬುರಗಿಯ ಒಂದು ಕೋಣೆ

ಹನ್ನೆರಡಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಮಲಗುವ ಕೋಣೆ. ಕಲಬುರಗಿಯ ಮನೆಯೊಂದರ ಕಡೆಯ ಮಹಡಿ. ಮೇಲೆ ಐದಿಂಚಿನ ಆರ್‌ಸಿಸಿ, ಅದರ ಮೇಲೆ ಏನೂ ಇಲ್ಲ. ಪಡುವಣ ಗೋಡೆಯಲ್ಲಿ ಐದಡಿಗೆ ನಾಲ್ಕಡಿಯ ಸಾದಾ ಗಾಜಿನ ಕಿಟಕಿ, ಒಳಗೆ ಪರದೆ. ಮೇ ತಿಂಗಳ ಸಂಜೆ ಐದು ಗಂಟೆ, ಹೊರಗೆ 41 ಡಿಗ್ರಿ. ಒಳಗೆ 26 ಡಿಗ್ರಿ ಬೇಕು.

ಮೊದಲು ಮಾಳಿಗೆ. ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿಗೇ ಆ ಸ್ಥಿತಿ. ಆಗ ಪ್ರತಿ ಚದರ ಮೀಟರ್ ತಾರಸಿಯ ಮೇಲೆ ಸಾವಿರ ವ್ಯಾಟಿನಷ್ಟು ಬಿಸಿಲು ಬೀಳುತ್ತದೆ. ಕಾಂಕ್ರೀಟ್ ಆ ಬಿಸಿಲನ್ನು ಹೀರಿ, ಕೆಲವು ಗಂಟೆ ತಡವಾಗಿ ಕೆಳಗಿಳಿಸುತ್ತದೆ. ಮಧ್ಯಾಹ್ನದ ಬಿಸಿಲು ಕೋಣೆಗೆ ತಲುಪುವುದು ಸಂಜೆ. ಬರಿಯ ಆರ್‌ಸಿಸಿಯಲ್ಲಿ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ ಸುಮಾರು 3 ವ್ಯಾಟ್ ಶಾಖ ದಾಟುತ್ತದೆ. ಬಿಸಿಲು ಮತ್ತು ತಡ ಎರಡನ್ನೂ ಸೇರಿಸಿ ವ್ಯತ್ಯಾಸವನ್ನು 28 ಡಿಗ್ರಿ ಎಂದು ಹಿಡಿದರೆ, 13.4 ಚದರ ಮೀಟರಿನ ಈ ಮಾಳಿಗೆಯಿಂದಲೇ ಸುಮಾರು 1,100 ವ್ಯಾಟ್. ಸಣ್ಣ ಹೀಟರೊಂದನ್ನು ಮಾಳಿಗೆಗೆ ತೂಗುಹಾಕಿದಷ್ಟು.

ಹೊರಗೋಡೆಗಳು ಎರಡು, ಒಂಬತ್ತಿಂಚಿನ ಇಟ್ಟಿಗೆಯವು: ಪಡುವಣದ ಬಿಸಿಲೂ ಸೇರಿ 550 ವ್ಯಾಟ್. ಕಿಟಕಿ ಇಪ್ಪತ್ತೇ ಚದರಡಿಯದಾದರೂ ಅಷ್ಟೇ ಶಾಖ ತರುತ್ತದೆ, ಇನ್ನೊಂದು 550. ಇಬ್ಬರು ಮಲಗುವವರು 200, ದೀಪ ಫ್ಯಾನ್ ಟಿವಿ 150, ಬಾಗಿಲಿನ ಸಂದಿಯಿಂದ ನುಸುಳುವ ಬಿಸಿಗಾಳಿ 150. ಎಸಿ ಇಲ್ಲದ ಪಕ್ಕದ ಕೋಣೆ, ಪಡಸಾಲೆ, ಕೆಳಮನೆಗಳಿಂದ ಗೋಡೆ-ನೆಲಗಳ ಮೂಲಕ ಬರುವುದು 600. ಎಲ್ಲ ಕೂಡಿದರೆ 3,300 ವ್ಯಾಟ್.

ಒಂದು ಟನ್ ಎಸಿ 3,500 ವ್ಯಾಟ್ ಹೊರಹಾಕುತ್ತದಲ್ಲ, ಸಾಕಲ್ಲ ಎನ್ನಿಸುತ್ತದೆ. ಸಾಕಾಗುವುದಿಲ್ಲ. ಆ 3,500 ಪ್ರಯೋಗಶಾಲೆಯಲ್ಲಿ ಹೊರಗೆ 35 ಡಿಗ್ರಿ ಇಟ್ಟು ಅಳೆದದ್ದು. ಹೊರಗಿನ ಗಾಳಿ ಬಿಸಿಯಾದಷ್ಟೂ ಅದಕ್ಕೆ ಶಾಖ ಒಪ್ಪಿಸುವುದು ಯಂತ್ರಕ್ಕೆ ಕಷ್ಟ. 43–45 ಡಿಗ್ರಿಯಲ್ಲಿ ಶಕ್ತಿಯ ಹತ್ತನೇ ಒಂದು ಭಾಗವಾದರೂ ಕಡಿಮೆಯಾಗುತ್ತದೆ. ಬಿಸಿಲಿಗೆ ಕಾದ ಗೋಡೆಗೆ ಆತಿರುವ ಔಟ್‌ಡೋರ್ ಯೂನಿಟ್ ಎಳೆದುಕೊಳ್ಳುವ ಗಾಳಿ ಇನ್ನೂ ಎರಡು ಮೂರು ಡಿಗ್ರಿ ಬಿಸಿಯಿದ್ದರೂ ಆಶ್ಚರ್ಯವಿಲ್ಲ. ಅಲ್ಲದೆ ಮಾರುಕಟ್ಟೆಯಲ್ಲಿ ಒಂದು ಟನ್, ಒಂದೂವರೆ ಟನ್ ಎಂದು ಮಾರುವ ಅನೇಕ ಮಾದರಿಗಳ ನಿಜವಾದ ಶಕ್ತಿ ಹೆಸರಿಗಿಂತ ತುಸು ಕಡಿಮೆಯೇ. ನಕ್ಷತ್ರಗಳಿರುವ ಬಿಇಇ ಚೀಟಿಯಲ್ಲಿ ಅದು ವ್ಯಾಟ್‌ಗಳಲ್ಲಿ ಅಚ್ಚಾಗಿರುತ್ತದೆ. ನಕ್ಷತ್ರ ಎಣಿಸುವವರು ಆ ಸಾಲನ್ನು ಓದುವುದು ಕಡಿಮೆ. ಒಟ್ಟಿನಲ್ಲಿ ಈ ಕೋಣೆಗೆ ಒಂದೂವರೆ ಟನ್ ಬೇಕೇ ಬೇಕು. ಅಂಗಡಿಯವರ ಬಾಯಿಲೆಕ್ಕ ಇಲ್ಲಿ ಸರಿಹೋಯಿತು.

ಆದರೆ ಲೆಕ್ಕದ ಸಾಲುಗಳನ್ನು ಇನ್ನೊಮ್ಮೆ ನೋಡಿ. ಬಹುದೊಡ್ಡ ಪಾಲು ಮಾಳಿಗೆಯದು. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ಮನೆಗಳಿಗಾಗಿ ಹೊರತಂದ ‘ಇಕೋ ನಿವಾಸ್ ಸಂಹಿತೆ’ಯ ಪ್ರಕಾರ ಮಾಳಿಗೆಯಲ್ಲಿ ಒಂದು ಡಿಗ್ರಿಗೆ ಚದರ ಮೀಟರಿಗೆ 1.2 ವ್ಯಾಟಿಗಿಂತ ಹೆಚ್ಚು ಶಾಖ ದಾಟಬಾರದು. ಆರ್‌ಸಿಸಿಯ ಮೇಲೆ ಶಾಖ ತಡೆಯುವ ಪದರ ಹಾಸಿ ಆ ಮಟ್ಟಕ್ಕೆ ತಂದರೆ 1,100 ವ್ಯಾಟ್ 450ಕ್ಕೆ ಇಳಿಯುತ್ತದೆ. ಕಿಟಕಿಯ ಹೊರಗೆ ಸಜ್ಜಾ ಚಾಚಿಸಿ, ಬಿದಿರಿನ ಚಿಕ್ ಇಳಿಬಿಟ್ಟರೆ 550 ವ್ಯಾಟ್ 250 ಆಗುತ್ತದೆ. ಪರದೆ ಒಳಗಿದ್ದರೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ. ಹೊರಗಿದ್ದರೆ ಹೊರಗೇ ನಿಲ್ಲುತ್ತದೆ. ಈಗ ಒಟ್ಟು 2,350 ವ್ಯಾಟ್. ಬಿಸಿಲಿಗೆ ಯಂತ್ರದ ಶಕ್ತಿ ಕುಂದುವುದನ್ನು ಕಳೆದರೂ ಒಂದು ಟನ್ ಎಸಿ ಧಾರಾಳ. ಅದೇ ಕೋಣೆ, ಅದೇ ನೆಲ, ಅದೇ ಬಿಸಿಲು. ಅರ್ಧ ಟನ್ ಮಾಯ. ಆ ಅರ್ಧ ಟನ್ನಿನ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯುವುದಿಲ್ಲ, ಪ್ರತಿ ಬೇಸಿಗೆಯ ಬಿಲ್ಲಿನಲ್ಲೂ ತೆರಬೇಕು.

ಇನ್ನೂ ಒಂದು ಮಾತು. ಸಂಜೆ ಕಾದ ಮಾಳಿಗೆ ರಾತ್ರಿಯವರೆಗೂ ಕೆಳಗಿರುವವರ ಮೈಮೇಲೆ ಶಾಖ ಸೂಸುತ್ತದೆ. ಗಾಳಿ 26ಕ್ಕೆ ಬಂದಿದ್ದರೂ ಮೈಗೆ ಸೆಕೆ ಅನ್ನಿಸುವುದು ಇದರಿಂದಲೇ. ಅದಕ್ಕೇ ಜನ ರಿಮೋಟನ್ನು 18ಕ್ಕೆ ಇಳಿಸುತ್ತಾರೆ. ಕಾದ ಕೋಣೆಯಲ್ಲಿ 24ಕ್ಕಿಟ್ಟರೂ 18ಕ್ಕಿಟ್ಟರೂ ಯಂತ್ರ ದುಡಿಯುವುದು ಪೂರ್ತಿ ಶಕ್ತಿಯಲ್ಲೇ. 18ಕ್ಕೆ ಇಟ್ಟ ಮಾತ್ರಕ್ಕೆ ಬೇಗ ತಣ್ಣಗಾಗದು. ತಣ್ಣಗಾಗಬೇಕಾದ್ದು ಮಾಳಿಗೆ.

ಅದೇ ಕೋಣೆ ಮಂಗಳೂರಿನಲ್ಲಿ

ಈಗ ಇದೇ ಅಳತೆಯ ಕೋಣೆಯನ್ನು ಮಂಗಳೂರಿನ ಅಪಾರ್ಟ್‌ಮೆಂಟೊಂದರ ನಡುಮಹಡಿಯಲ್ಲಿ ಇಡೋಣ. ಕಿಟಕಿ ಬಡಗಣಕ್ಕೆ. ಹೊರಗೆ 33 ಡಿಗ್ರಿ. ಮೇಲೂ ಕೆಳಗೂ ಬೇರೆ ಮನೆಗಳಿರುವುದರಿಂದ ಮಾಳಿಗೆಯ ಬಿಸಿಲಿನ ಸಾಲು ಸೊನ್ನೆ. ಗೋಡೆಗಳಿಂದ 370, ಕಿಟಕಿಯಿಂದ 200, ಜನರಿಂದ 200, ದೀಪ ಟಿವಿಗಳಿಂದ 150, ಅಕ್ಕಪಕ್ಕ ಮೇಲೆ ಕೆಳಗೆ ಸೇರಿ 500, ನುಸುಳುವ ಗಾಳಿಯ ಬಿಸಿ 80. ಇಷ್ಟೇ ಆಗಿದ್ದರೆ 1,500 ವ್ಯಾಟ್.

ಆದರೆ ಕರಾವಳಿಯ ಗಾಳಿ ಬರಿಗೈಯಲ್ಲಿ ಬರುವುದಿಲ್ಲ, ನೀರು ಹೊತ್ತು ಬರುತ್ತದೆ. 33 ಡಿಗ್ರಿ ಬಿಸಿ, ಶೇ. 68 ತೇವಾಂಶವಿದ್ದರೆ ಪ್ರತಿ ಕಿಲೋ ಗಾಳಿಯಲ್ಲಿ 21–22 ಗ್ರಾಂ ನೀರಾವಿ. ಹಾಯೆನಿಸುವ ಕೋಣೆಯಲ್ಲಿ ಅದು 10–11 ಗ್ರಾಂ ಇರಬೇಕು. ಉಳಿದದ್ದನ್ನು ಎಸಿಯೇ ತೆಗೆಯಬೇಕು. ತಣ್ಣನೆಯ ಮಜ್ಜಿಗೆಯ ಲೋಟದ ಹೊರಮೈ ಬೆವರುತ್ತದಲ್ಲ, ಇಂಡೋರ್ ಯೂನಿಟ್ಟಿನೊಳಗಿನ ಕಾಯಿಲ್ ಕೂಡ ಹಾಗೇ ಬೆವರಿ ನೀರನ್ನು ಡ್ರೈನ್ ಪೈಪಿಗೆ ಇಳಿಸುತ್ತದೆ. ಒಂದು ಲೀಟರ್ ನೀರಾವಿಯನ್ನು ನೀರಾಗಿಸಲು ಹೊರಹಾಕಬೇಕಾದ ಶಾಖ ಸುಮಾರು 0.68 ಕಿಲೋವ್ಯಾಟ್-ಗಂಟೆ. ಬಾಗಿಲ ಸಂದಿಗಳಿಂದ ನುಸುಳುವ ಗಾಳಿ ತರುವ ನೀರಿಗೇ ಇಲ್ಲಿ ಇನ್ನೊಂದು 250 ವ್ಯಾಟ್ ಸೇರುತ್ತದೆ. ಮಲಗಿದವರ ಉಸಿರು-ಬೆವರೂ ಕೂಡಿದರೆ ಗಂಟೆಗೆ ಅರ್ಧ ಲೀಟರ್ ನೀರು. ಡ್ರೈನ್ ಪೈಪಿನ ಕೆಳಗೆ ಬಕೆಟ್ ಇಟ್ಟು ಯಾರು ಬೇಕಾದರೂ ಅಳೆಯಬಹುದು.

ಕಲಬುರಗಿಯಲ್ಲಿ ಈ ಸಾಲು ಇರಲೇ ಇಲ್ಲ. ಅಲ್ಲಿ 40 ಡಿಗ್ರಿ, ಶೇ. 20 ತೇವಾಂಶದ ಗಾಳಿಯಲ್ಲಿ ಕಿಲೋಗೆ ಹತ್ತು ಗ್ರಾಮಿನಷ್ಟೇ ನೀರಾವಿ. ತೆಗೆಯುವುದಕ್ಕೆ ಏನೂ ಉಳಿದಿಲ್ಲ. ಅದಕ್ಕೇ ಅಲ್ಲಿ ಏರ್ ಕೂಲರ್ ನಡೆಯುತ್ತದೆ: ಒಣಗಾಳಿಗೆ ನೀರು ಕುಡಿಸಿ 40 ಡಿಗ್ರಿಯನ್ನು 26–27ಕ್ಕೆ ಇಳಿಸುತ್ತದೆ. ಮಂಗಳೂರಿನ ಗಾಳಿಯನ್ನು ಅದೇ ಕೂಲರ್ 29ರ ಕೆಳಗೆ ತರಲಾರದು, ಬದಲಿಗೆ ಕೋಣೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆ. ಕೂಲರ್ ಮತ್ತು ಎಸಿ ಎರಡನ್ನೂ ಒಟ್ಟಿಗೆ ಹಾಕುವವರು ಕಲಬುರಗಿಯಲ್ಲೂ ಇದ್ದಾರೆ. ಒಂದು ಗಾಳಿಗೆ ಸುರಿದ ನೀರನ್ನು ಇನ್ನೊಂದು ಹಿಂಡಿ ತೆಗೆಯುತ್ತದೆ. ಎರಡಕ್ಕೂ ಬಿಲ್ಲು ಕಟ್ಟುವವರು ಒಬ್ಬರೇ.

ಎಸಿ ಹುಟ್ಟಿದ್ದೂ ತೇವಾಂಶದ ಕಾಟದಿಂದಲೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್ಹೆಲ್ಮ್ಸ್ ಮುದ್ರಣಾಲಯದಲ್ಲಿ ಮಳೆಗಾಲದಂಥ ಸೆಕೆಗೆ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಅದನ್ನು ಸರಿಪಡಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ತಣ್ಣನೆಯ ಕಾಯಿಲ್‌ಗಳ ಮೇಲೆ ಗಾಳಿ ಹಾಯಿಸಿ ನೀರಿನಂಶ ಇಳಿಸುವ ಏರ್ಪಾಟು ಮಾಡಿದ. ಅವನಿಗೆ ಬೇಕಿದ್ದದ್ದು ಕೆಲಸಗಾರರ ಹಾಯಿಯಲ್ಲ, ಕಾಗದದ ಸ್ಥಿರತೆ.

ಮಂಗಳೂರಿನ ಲೆಕ್ಕ ಒಟ್ಟು 1,750 ವ್ಯಾಟ್. ಅರ್ಧ ಟನ್! ಅಂಗಡಿಯ ಬಾಯಿಲೆಕ್ಕ ಹೇಳಿದ್ದು ಅದರ ಮೂರು ಪಟ್ಟು.

ದೊಡ್ಡದಾದರೆ ನಷ್ಟವೇನು?

‘ಇರಲಿ ಬಿಡಿ, ದೊಡ್ಡದಿದ್ದರೆ ಬೇಗ ತಣ್ಣಗಾಗುತ್ತೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಬೇಗ ತಣ್ಣಗಾಗುವುದು ನಿಜ, ತೊಂದರೆ ಇರುವುದೂ ಅಲ್ಲೇ. ಹಳೆಯ ಮಾದರಿಯ ಎಸಿಗೆ ಎರಡೇ ಸ್ಥಿತಿ: ಪೂರ್ತಿ ಓಡು, ಇಲ್ಲವೇ ನಿಲ್ಲು. ಮೂರು ಪಟ್ಟು ದೊಡ್ಡದಾದರೆ ಕೆಲವೇ ನಿಮಿಷಗಳಲ್ಲಿ ಗಾಳಿ 24ಕ್ಕೆ ಬಂದು ಕಂಪ್ರೆಸರ್ ನಿಂತುಬಿಡುತ್ತದೆ. ಕಾಯಿಲ್ ಚೆನ್ನಾಗಿ ತಣಿದು, ಬೆವರು ಹನಿಗಟ್ಟಿ, ಹನಿ ಟ್ರೇಗೆ ಇಳಿದು, ಪೈಪ್ ಸೇರುವಷ್ಟು ಹೊತ್ತು ಸಿಗುವುದೇ ಇಲ್ಲ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಕಾಯಿಲ್ ಮೇಲಿನ ಆ ನೀರು ಮತ್ತೆ ಆವಿಯಾಗಿ ಕೋಣೆಗೇ ವಾಪಸಾಗುತ್ತದೆ. ಗೋಡೆಯ ಮೇಲಿನ ಅಂಕಿ 24 ತೋರಿಸುತ್ತಿರುತ್ತದೆ, ಹಾಸಿಗೆ ಮಾತ್ರ ತಣ್ಣಗೆ ತೇವ ತೇವ. ಬೀರುವಿನ ಹಿಂದೆ ಬೂಷ್ಟು. ಅಂಟುಅಂಟು ಎಂದು ರಿಮೋಟನ್ನು 20ಕ್ಕೆ ಇಳಿಸಿದರೆ ಚಳಿ, ಏರಿಸಿದರೆ ಜಿಗುಟು. ಪದೇ ಪದೇ ನಿಂತು ಹೊರಡುವ ಕಂಪ್ರೆಸರಿಗೂ ಅದು ಒಳ್ಳೆಯದಲ್ಲ.

ಇನ್‌ವರ್ಟರ್ ಎಸಿ ಬಂದ ಮೇಲೆ ಈ ಚಿಂತೆ ಇಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ಇನ್‌ವರ್ಟರ್ ಕಂಪ್ರೆಸರ್ ಅಗತ್ಯಕ್ಕೆ ತಕ್ಕಂತೆ ವೇಗ ತಗ್ಗಿಸುತ್ತದೆ, ತಗ್ಗಿದ ವೇಗದಲ್ಲಿ ಮಿತವ್ಯಯಿಯೂ ಹೌದು. ಆದರೆ ತಗ್ಗುವುದಕ್ಕೂ ಒಂದು ಕೆಳಮಿತಿ ಇದೆ. ಸಾಮಾನ್ಯವಾಗಿ ಪೂರ್ಣ ಶಕ್ತಿಯ ಮೂರನೇ ಒಂದು ಭಾಗದ ಆಸುಪಾಸು. ನಡುರಾತ್ರಿ, ಹೊರಗೆ 27 ಡಿಗ್ರಿ ಇರುವಾಗ ಮಂಗಳೂರಿನ ಆ ಕೋಣೆಗೆ ಬೇಕಾದ್ದು ಸಾವಿರ ವ್ಯಾಟಿಗಿಂತ ಕಡಿಮೆ. ಒಂದೂವರೆ ಟನ್ನಿನ ಇನ್‌ವರ್ಟರ್ ಅಷ್ಟು ಕೆಳಗಿಳಿಯಲಾರದೆ ಹಳೆಯ ಎಸಿಯ ಹಾಗೇ ನಿಂತು ಹೊರಡತೊಡಗುತ್ತದೆ. ನಿಧಾನವಾಗಿ ಓಡುವಾಗ ಕಾಯಿಲ್ ಅಷ್ಟು ತಣ್ಣಗೂ ಇರುವುದಿಲ್ಲ. ನೀರು ತೆಗೆಯುವ ಕೆಲಸ ಇನ್ನೂ ಕುಂದುತ್ತದೆ. ಹಾಗಾಗಿ ಒಂದೇ ತಪ್ಪಿಗೆ ಊರಿಂದ ಊರಿಗೆ ಬೇರೆ ಬೇರೆ ಶಿಕ್ಷೆ. ಒಣಹವೆಯ ಕಲಬುರಗಿಯಲ್ಲಿ ತುಸು ದೊಡ್ಡ ಇನ್‌ವರ್ಟರ್ ಕೊಂಡರೆ ಹೋಗುವುದು ಹೆಚ್ಚಿಗೆ ಕೊಟ್ಟ ದುಡ್ಡು. ಕರಾವಳಿಯಲ್ಲಿ ದುಡ್ಡಿನ ಜೊತೆ ನೆಮ್ಮದಿಯೂ ಹೋಗುತ್ತದೆ.

ಹಾಗೆಂದು ಸಣ್ಣದನ್ನು ಕೊಳ್ಳುವುದೂ ಜಾಣತನವಲ್ಲ. ಬೇಕಾದ್ದಕ್ಕಿಂತ ತೀರಾ ಚಿಕ್ಕದಾದರೆ ಮಧ್ಯಾಹ್ನದಿಂದ ನಡುರಾತ್ರಿವರೆಗೆ ಪೂರ್ಣ ವೇಗದಲ್ಲಿ ಓಡಿಯೂ ಕೋಣೆ 29ರ ಕೆಳಗೆ ಬಾರದು. ಅಮೆರಿಕದಲ್ಲಿ ಎಸಿ ಗುತ್ತಿಗೆದಾರರ ಸಂಘವೇ ಸಿದ್ಧಪಡಿಸಿದ ‘ಮ್ಯಾನ್ಯುಯಲ್ ಜೆ’ ಎಂಬ ಲೆಕ್ಕದ ಪದ್ಧತಿ ಇದೆ. ಶಾಖದ ಲೆಕ್ಕ ಅದರಲ್ಲಿ, ಯಂತ್ರದ ಆಯ್ಕೆ ‘ಮ್ಯಾನ್ಯುಯಲ್ ಎಸ್’ನಲ್ಲಿ. ಒಂದೇ ವೇಗದ ಎಸಿಯಾದರೆ ಲೆಕ್ಕಕ್ಕಿಂತ ಶೇ. 15ರವರೆಗೆ ದೊಡ್ಡದಿರಬಹುದು ಎನ್ನುತ್ತದೆ ಅದು. ದಾಖಲೆಯ ಬಿಸಿಲಿಗೂ ಅಲ್ಲಿ ಲೆಕ್ಕ ಹಾಕುವುದಿಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಮುಟ್ಟಿತ್ತು. ಅಂಥ ಒಂದು ಮಧ್ಯಾಹ್ನಕ್ಕಾಗಿ ಉಳಿದ ವರ್ಷಗಳೆಲ್ಲ ದೊಡ್ಡ ಯಂತ್ರ ಸಾಕುವುದು ಲಾಭವಲ್ಲ. ವರ್ಷದ 8,760 ಗಂಟೆಗಳಲ್ಲಿ ಶೇ. 1ರಷ್ಟು, ಅಂದರೆ 88 ಗಂಟೆ ಮಾತ್ರ ಮೀರುವ ಉಷ್ಣಾಂಶವನ್ನು ಎಂಜಿನಿಯರುಗಳು ಆಧಾರವಾಗಿ ಹಿಡಿಯುವುದುಂಟು. ಆ 88 ಗಂಟೆ ಕೋಣೆ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಮುಳುಗುವುದೇನಿಲ್ಲ.

ಕೇಳಬೇಕಾದ್ದನ್ನು ಕೇಳುವ ಮೆಕ್ಯಾನಿಕ್

ಲೆಕ್ಕ ಬಲ್ಲವರು ಮನೆಗೆ ಬಂದರೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಕಲಬುರಗಿಯಲ್ಲಾದರೆ ಮಾತು ಹೀಗೆ ಸಾಗಬೇಕು:

‘ಅಕ್ಕಾರ, ಮ್ಯಾಲೆ ಇನ್ನೊಂದು ಮನಿ ಅದನೋ, ಇದೇ ಕಡೀ ಮಾಳಗಿನೋ?’

‘ಇದೇ ಕಡೀದು ನೋಡಪಾ. ಮ್ಯಾಲೆ ಬರೇ ಬಿಸಿಲು.’

‘ಸಂಜಿಮುಂದ ಈ ಗ್ವಾಡಿಗಿ ಕೈ ಹಚ್ಚಿ ನೋಡೀರೇನ್ರಿ?’

‘ಸುಡ್ತದ. ರಾತ್ರಿ ಹತ್ತಾದ್ರೂ ಕಾವು ಆರಲ್ಲ.’

‘ಹಂಗಿದ್ರ ಮೊದಲ ಮಾಳಗಿ ಮ್ಯಾಲ ಹೋಗಿ ನೋಡ್ತೀನ್ರಿ. ಮಷಿನ್ ಮಾತು ಆಮ್ಯಾಲೆ.’

ಮಾಳಿಗೆ ಹತ್ತುವವನನ್ನು ನಂಬಬಹುದು. ಆತನ ಕೈಯಲ್ಲಿ ಟೇಪ್ ಇರುತ್ತದೆ; ಫೋನಿನಲ್ಲಿ ದಿಕ್ಸೂಚಿ ತೆರೆದು ಕಿಟಕಿ ನಿಜಕ್ಕೂ ಪಡುವಣಕ್ಕಿದೆಯೋ ವಾಯವ್ಯಕ್ಕಿದೆಯೋ ನೋಡುತ್ತಾನೆ. ಏಪ್ರಿಲ್-ಮೇನಲ್ಲಿ ತೆಂಕಣ ಕಿಟಕಿಗೆ ನೇರ ಬಿಸಿಲು ಬೀಳುವುದೇ ಕಡಿಮೆ, ಪಡುವಣದ್ದೇ ಕಾಟ ಎಂಬುದು ಅವನಿಗೆ ಗೊತ್ತಿರುತ್ತದೆ. ಎಷ್ಟು ಜನ ಮಲಗುತ್ತೀರಿ, ಹಗಲು ಹಾಕುತ್ತೀರೋ ರಾತ್ರಿ ಮಾತ್ರವೋ, ಬಾಗಿಲು ಮುಚ್ಚಿರುತ್ತದೋ, ಪಕ್ಕದಲ್ಲಿ ಅಡುಗೆಮನೆ ಇದೆಯೋ ಎಂದು ಕೇಳುತ್ತಾನೆ. ಹಂಚಿನ ಮಾಡಿನ ಮನೆಯಾದರೆ ತಲೆಯೆತ್ತಿ ನೋಡಿ, ಕೆಳಗೆ ಸೀಲಿಂಗ್ ಮಾಡಿಸದೆ ಎಸಿ ಹಾಕಿಸಬೇಡಿ ಎನ್ನುತ್ತಾನೆ. ಮಂಗಳೂರು ಹಂಚಿನ ಸಂದುಗಳಲ್ಲಿ ತಂಪುಗಾಳಿ ನಿಲ್ಲುವುದಿಲ್ಲ. ಮೀಟರ್ ಬೋರ್ಡಿನತ್ತ ಹೋಗಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಅರ್ತಿಂಗ್ ಸರಿಯಿದೆಯೇ, ಎಸಿಗೆಂದೇ ಬೇರೆ ಎಂಸಿಬಿ ಇದೆಯೇ ಪರೀಕ್ಷಿಸುತ್ತಾನೆ. ಕೊನೆಗೆ ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆಯುತ್ತಾನೆ: ಮಾಳಿಗೆಗೆ ಇಷ್ಟು, ಕಿಟಕಿಗೆ ಇಷ್ಟು, ಒಟ್ಟು ಇಷ್ಟು ವ್ಯಾಟ್. ‘ಇದನ್ನು ಮಾಡಿಸಿದರೆ ಇಷ್ಟು ಇಳಿಯುತ್ತೆ’ ಎಂಬ ಇನ್ನೊಂದು ಸಾಲೂ ಅದರಲ್ಲಿದ್ದರೆ ಆತ ನಿಮಗೆ ಯಂತ್ರ ಮಾರಲು ಬಂದವನಲ್ಲ.

ಇಂಥವರು ಸಿಗುವುದೆಲ್ಲಿ? ಶೋರೂಮಿನಲ್ಲಿ ವಿರಳ. ಬ್ಯಾಂಕ್ ಶಾಖೆ, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಎಸಿ ಹಾಕುವ ಸ್ಥಳೀಯ ಗುತ್ತಿಗೆದಾರರಲ್ಲಿ ಹುಡುಕಿ. ಅಲ್ಲಿ ಹೀಟ್ ಲೋಡ್ ಲೆಕ್ಕವಿಲ್ಲದೆ ಕೆಲಸ ಕೊಡುವುದು ಕಡಿಮೆ. ಇಶ್ರೇ ಎಂದು ಕರೆಯುವ ಭಾರತೀಯ ಶೈತ್ಯ-ಹವಾನಿಯಂತ್ರಣ ಎಂಜಿನಿಯರುಗಳ ಸಂಘ 1981ರಿಂದ ಇದೆ, ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಐಟಿಐಯಲ್ಲಿ ರೆಫ್ರಿಜರೇಷನ್-ಎಸಿ ಟ್ರೇಡ್ ಎರಡು ವರ್ಷ ಓದಿ, ಹತ್ತಾರು ಬೇಸಿಗೆ ಕಂಡ ಮೆಕ್ಯಾನಿಕ್ ನಿಮ್ಮ ಬೀದಿಯಲ್ಲೇ ಇರಬಹುದು. ಅಕ್ಕಪಕ್ಕದ ಮನೆಗಳ ಎಸಿಗಳನ್ನು ವರ್ಷಗಟ್ಟಲೆ ಸರ್ವಿಸ್ ಮಾಡಿದವನಿಗೆ ಯಾವ ಕೋಣೆಯಲ್ಲಿ ಯಾವ ಟನ್ ಸೋತಿತು ಎಂಬುದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಬಂದು ನೋಡುವುದಕ್ಕೆ ಅವರು ಫೀಸು ಕೇಳಿದರೆ ಕೊಡಿ. ಫೀಸು ತೆಗೆದುಕೊಂಡವರು ಸಣ್ಣ ಯಂತ್ರ ಸಾಕು, ಅಥವಾ ಫ್ಯಾನು ಸಾಕು ಎಂದು ಹೇಳುವುದಕ್ಕೂ ಸ್ವತಂತ್ರರು. ‘ಕಂಪನಿಯಿಂದ ಇನ್‌ಸ್ಟಾಲೇಷನ್ ಫ್ರೀ’ ಎಂಬ ಆಮಿಷದಲ್ಲಿ ಕಳೆದುಕೊಳ್ಳುವುದು ಈ ಸ್ವಾತಂತ್ರ್ಯವನ್ನೇ.

ಲೆಕ್ಕ ಸರಿಯಿದ್ದೂ ಕೆಡುವುದು ಹೇಗೆ

ಸರಿಯಾದ ಟನ್ ಕೊಂಡು ತಪ್ಪಾಗಿ ಜೋಡಿಸಿದರೆ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು. ಮುಖ್ಯವಾಗಿ ಒಂದು ಹೊತ್ತಿನ ಮೇಲೆ ಕಣ್ಣಿಡಿ: ಕಾಪರ್ ಪೈಪ್ ಜೋಡಿಸಿದ ಮೇಲೆ, ಗ್ಯಾಸ್ ಬಿಡುವುದಕ್ಕೆ ಮೊದಲು. ಆಗ ಪೈಪಿನೊಳಗೆ ನಮ್ಮ ಕೋಣೆಯ ಗಾಳಿ ಮತ್ತು ತೇವ ತುಂಬಿರುತ್ತವೆ. ಬಲ್ಲವರು ವ್ಯಾಕ್ಯೂಮ್ ಪಂಪ್ ಹಚ್ಚಿ ಅದನ್ನು ಪೂರ್ತಿ ಎಳೆದು, ಮಾಪಕದ ಮುಳ್ಳು ಏರದೆ ನಿಂತಿದೆಯೇ ಎಂದು ಕಾದು ನೋಡುತ್ತಾರೆ. ಅವಸರದವರು ಔಟ್‌ಡೋರ್ ಯೂನಿಟ್ಟಿನಿಂದ ಒಂದಿಷ್ಟು ಗ್ಯಾಸ್ ಬಿಟ್ಟು ‘ಫುಸ್’ ಎಂದು ಗಾಳಿ ಹೊರಗೆ ತಳ್ಳಿ, ಆಯಿತು ಎನ್ನುತ್ತಾರೆ. ಉಳಿದ ಗಾಳಿ ಎಂದೂ ದ್ರವವಾಗದೆ ಕಂಡೆನ್ಸರಿನಲ್ಲಿ ಜಾಗ ಹಿಡಿದು ಕೂತು ಒತ್ತಡ ಏರಿಸುತ್ತದೆ. ಉಳಿದ ತೇವ ಕಂಪ್ರೆಸರ್ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ. ಈಗಿನ ಹೆಚ್ಚಿನ ಮನೆ ಎಸಿಗಳಲ್ಲಿರುವ ಆರ್-32 ಅನಿಲ ಸ್ವಲ್ಪ ಮಟ್ಟಿಗೆ ಉರಿಯುವಂಥದ್ದು, ಕಾರ್ಬನ್ ಡೈಆಕ್ಸೈಡಿಗಿಂತ 675 ಪಟ್ಟು ಭೂಮಿಯನ್ನು ಕಾಯಿಸುವಂಥದ್ದು. ಅದನ್ನು ‘ಫುಸ್’ ಎನ್ನಿಸುವುದು ಎಲ್ಲ ರೀತಿಯಲ್ಲೂ ತಪ್ಪು.

ಇನ್ನೊಂದು ಔಟ್‌ಡೋರ್ ಯೂನಿಟ್ಟಿನ ಜಾಗ. ಅಂದ ಕೆಡುತ್ತದೆಂದು ಅದನ್ನು ಕಿರಿದಾದ ಡಕ್ಟಿನೊಳಗೆ ಅಥವಾ ಜಾಲರಿಯ ಹಿಂದೆ ಅಡಗಿಸಿದರೆ ತಾನೇ ಉಗುಳಿದ ಬಿಸಿಗಾಳಿಯನ್ನು ತಾನೇ ನುಂಗುತ್ತದೆ. ಒಂದೇ ಡಕ್ಟಿನಲ್ಲಿ ಹತ್ತು ಮಹಡಿಯ ಹತ್ತು ಯೂನಿಟ್ಟುಗಳಿದ್ದರೆ ಮೇಲಿನ ಮಹಡಿಯ ಯೂನಿಟ್ಟಿನ ಪಾಲಿಗೆ ಬೆಂಗಳೂರೂ ಕಲಬುರಗಿಯೇ. ಪೈಪ್ ಉದ್ದವಾದಷ್ಟೂ ಶಕ್ತಿ ಸೋರುತ್ತದೆ. ಜೊತೆಗೆ ಬರುವ ಪೈಪಿಗಿಂತ ಹೆಚ್ಚು ಎಳೆದರೆ ಕಂಪನಿಯ ಪಟ್ಟಿಯಂತೆ ಮೀಟರಿಗೆ ಇಷ್ಟೆಂದು ತೂಗಿ ಗ್ಯಾಸ್ ಸೇರಿಸಬೇಕು.

ಕೆಲಸ ಸರಿಯಾಗಿದೆಯೇ ಎಂದು ನೋಡಲು ಒಂದು ಅಗ್ಗದ ಉಷ್ಣ-ತೇವ ಮಾಪಕ ಸಾಕು. ಇಪ್ಪತ್ತು ನಿಮಿಷ ಓಡಿದ ಮೇಲೆ ಇಂಡೋರ್ ಯೂನಿಟ್ಟಿಗೆ ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ 8ರಿಂದ 12 ಡಿಗ್ರಿ ತಣ್ಣಗಿರಬೇಕು. 25 ಡಿಗ್ರಿಗೆ ಬಂದು ನಿಂತ ಕೋಣೆಯಲ್ಲಿ ತೇವಾಂಶ ಶೇ. 60 ದಾಟಬಾರದು, ದಾಟುತ್ತಲೇ ಇದ್ದರೆ ಯಂತ್ರ ದೊಡ್ಡದಾಗಿದೆ, ಇಲ್ಲವೇ ಎಲ್ಲೋ ಸಂದಿಯಿದೆ. ವರ್ಷದ ಕಡುಬಿಸಿಲಿನ ಸಂಜೆ ನಿಮ್ಮ ಎಸಿ ಹೆಚ್ಚುಕಡಿಮೆ ಬಿಡುವಿಲ್ಲದೆ ಓಡುತ್ತಿದ್ದು, ಕೋಣೆ ಬೇಕಾದ ಉಷ್ಣಾಂಶದಲ್ಲೇ ಇದ್ದರೆ ಗಾಬರಿಯಾಗಬೇಡಿ. ಲೆಕ್ಕ ಸರಿಹೊಂದಿದೆ ಎನ್ನುವುದಕ್ಕೆ ಅದೇ ಗುರುತು.

ಕೊನೆಯದಾಗಿ ಹೊತ್ತಿನ ಮಾತು. ಏಪ್ರಿಲ್ ಬಂದರೆ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆಗ ಕರೆದರೆ ಟೇಪ್ ಹಿಡಿಯುವ ವ್ಯವಧಾನ ಅವರಿಗೂ ಇಲ್ಲ, ಸೆಕೆಗೆ ಬೆಂದ ನಮಗೂ ಇಲ್ಲ. ಸಿಕ್ಕಿದ ಡಬ್ಬ ಗೋಡೆಗೇರಿದರೆ ಸಾಕೆನ್ನಿಸುತ್ತದೆ. ಅವರನ್ನು ಡಿಸೆಂಬರಿನಲ್ಲಿ ಕರೆಸಿ. ಹಾಳೆಯ ಮೇಲೆ ಲೆಕ್ಕ ಬರೆಸಿ. ಜನವರಿ-ಫೆಬ್ರವರಿಯಲ್ಲಿ ಮಾಳಿಗೆಯ ಕೆಲಸ, ಕಿಟಕಿಯ ಸಜ್ಜಾ ಮುಗಿಸಿ, ಉಳಿದ ವ್ಯಾಟ್ ಎಷ್ಟೆಂದು ಮತ್ತೊಮ್ಮೆ ಕೂಡಿಸಿ. ಆಮೇಲೆ ಅಂಗಡಿಗೆ ಹೋಗಿ. ‘ರೂಮ್ ಸೈಜ್ ಎಷ್ಟು?’ ಎಂದವರ ಮುಂದೆ ಆ ಹಾಳೆ ಇಟ್ಟು, ಇಷ್ಟು ವ್ಯಾಟ್ ಹೊರಹಾಕುವ ಯಂತ್ರ ಕೊಡಿ, ಚೀಟಿಯಲ್ಲಿ ಆ ಅಂಕಿ ತೋರಿಸಿ ಎಂದು ಕೇಳಿ.